ಸಹಾಯ ಬೇಕು: ಚಾರಣದ ಗ್ಯಾಸ್ ಒಲೆಯ ಉರಿ ಸೊರಗುತ್ತಿದೆ

ನಮಸ್ಕಾರ, ನಾನು ಚಿಕ್ಕಮಗಳೂರಿನವನು. ಚಾರಣಕ್ಕೆಂದು ಅಂಗೈಯಗಲದ ಗ್ಯಾಸ್ ಒಲೆ ಕೊಂಡಿದ್ದೇನೆ. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಅರ್ಧ ಲೀಟರ್ ನೀರು ಕಾಯಿಸಿ, ಮೊದಲೂ ಆಮೇಲೂ ಗ್ಯಾಸ್ ಡಬ್ಬಿ ತೂಗಿ ಬರೆದಿಡುತ್ತೇನೆ. ಗಾಳಿ ಇಲ್ಲದಿದ್ದರೆ 4 ನಿಮಿಷ, 7 ಗ್ರಾಂ ಗ್ಯಾಸ್ ಸಾಕು. ಗಾಳಿ ಎದ್ದರೆ 9 ನಿಮಿಷವಾದರೂ ಕುದಿ ಬರುವುದಿಲ್ಲ.

ಇನ್ನೊಂದು ಕಷ್ಟ. ಚಳಿಯಲ್ಲಿ ಸ್ವಲ್ಪ ಹೊತ್ತು ಉರಿದ ಮೇಲೆ ಡಬ್ಬಿ ತಣ್ಣಗಾಗಿ ಮೈಮೇಲೆ ನೀರಹನಿ ಕೂರುತ್ತೆ, ಉರಿ ಸಣ್ಣಗಾಗುತ್ತೆ. ಈ ಡಬ್ಬಿಯಲ್ಲಿರುವ ಗ್ಯಾಸ್ ಬರೀ ಬ್ಯೂಟೇನ್. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ. ಐಸೋಬ್ಯೂಟೇನ್ ಆದರೆ ಮೈನಸ್ 12ರ ಹತ್ತಿರದವರೆಗೂ ಪರವಾಗಿಲ್ಲ, ಅಲ್ವಾ? ಆ ಡಬ್ಬಿ ಇಲ್ಲಿ ಅಥವಾ ಹಾಸನದಲ್ಲಿ ಎಲ್ಲಿ ಸಿಗುತ್ತೆ?

ಗಾಳಿಗೆ ಮರೆ ಹೇಗೆ ಕಟ್ಟುತ್ತೀರಿ? ಸುತ್ತಲೂ ತಗಡು ಮುಚ್ಚಿದರೆ ಡಬ್ಬಿ ಕಾದು ಸಿಡಿದೀತು ಅನ್ನೋ ಭಯ ನನಗೆ. ಬಳಸಿ ನೋಡಿದವರು ದಯವಿಟ್ಟು ಫೋಟೋ ಹಾಕಿ.