ಹಸುವಿನ ಬಿಳಿ ಚರ್ಮ ಮಾತ್ರ ಸುಲಿಯುತ್ತಿದೆ, ಕಪ್ಪು ಚರ್ಮಕ್ಕೆ ಏನೂ ಆಗಿಲ್ಲ. ಏನಿರಬಹುದು?

ಕಾಡಂಚಿನ_ಹೈನು:
ನಮ್ಮದು ಗುಂಡ್ಲುಪೇಟೆ ತಾಲೂಕು, ಬಂಡೀಪುರದ ಕಾಡಂಚು. ಕಳೆದ ತಿಂಗಳು ಕೋಲಾರದ ಕಡೆಯಿಂದ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು ತಂದೆವು. ನಾಲ್ಕು ದಿನದಿಂದ ಮೇವು ಮುಟ್ಟುತ್ತಿಲ್ಲ, ಮೆಲುಕೂ ಹಾಕುತ್ತಿಲ್ಲ. ಸಗಣಿ ಗಟ್ಟಿ, ಮೇಲೆ ಲೋಳೆ. ನಿನ್ನೆಯಿಂದ ಮೂತಿ, ಕೆಚ್ಚಲು, ಬೆನ್ನಿನ ಬಿಳಿ ಪಟ್ಟೆ ಕೆಂಪಾಗಿ ಸುಲಿಯುತ್ತಿದೆ. ಕಪ್ಪು ಶುರುವಾಗುವ ಕಡೆ ಗೆರೆ ಎಳೆದ ಹಾಗೆ ಗಾಯ ನಿಂತುಬಿಟ್ಟಿದೆ. ಬಿಸಿಲಿಗೆ ಹೀಗಾಯ್ತಾ? ಚರ್ಮಗಂಟು ರೋಗವಾ? ಅಮ್ಮ ಗೊಟ್ಟದಲ್ಲಿ ಹರಳೆಣ್ಣೆ ಕುಡಿಸೋಣ ಅಂತಿದ್ದಾರೆ.

ದನದ_ಡಾಕ್ಟರ್:
ಎಣ್ಣೆ ಬೇಡ. ಸುಸ್ತಾದ ಹಸುವಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ಮೈಮೇಲೆ ಗಂಟುಗಳಿವೆಯಾ? ಜ್ವರ? ಕಣ್ಣಿನ ರೆಪ್ಪೆ ಬಿಡಿಸಿ ಬಣ್ಣ ಹೇಳಿ. ಎಲ್ಲಿ ಮೇಯಿಸುತ್ತೀರಿ?

ಕಾಡಂಚಿನ_ಹೈನು:
ಗಂಟಿಲ್ಲ, ಜ್ವರವೂ ಇಲ್ಲ. ಕಣ್ಣೊಳಗೆ ಅರಿಶಿನ ಹಚ್ಚಿದ ಹಾಗಿದೆ. ಗಂಜಲ ಕಡು ಹಳದಿ. ಹುಲ್ಲೆಲ್ಲ ಒಣಗಿದೆ, ಬೇಲಿ ತುಂಬ ಲಂಟಾನ ಗಿಡ. ನಮ್ಮ ನಾಟಿ ಹಸುಗಳು ಅದನ್ನು ಮೂಸುವುದೂ ಇಲ್ಲ.

ದನದ_ಡಾಕ್ಟರ್:
ನಾಟಿ ಹಸುಗಳಿಗೆ ಗೊತ್ತು, ಹೊಸದಾಗಿ ಬಂದ ಹಸುವಿಗೆ ಗೊತ್ತಿಲ್ಲ. ಹೆಚ್ಚಾಗಿ ಹೀಗೇ ಆಗುವುದು. ನೀವು ಹೇಳಿದ್ದೆಲ್ಲ ಲಂಟಾನ ವಿಷಕ್ಕೇ ಹೊಂದುತ್ತದೆ. ಇದು ಬರೀ ಚರ್ಮದ ಕಾಯಿಲೆ ಅಲ್ಲ, ಪೆಟ್ಟು ಬಿದ್ದಿರುವುದು ಲಿವರ್‌ಗೆ. ಹಸಿರು ಮೇವು ಹೊಟ್ಟೆಯಲ್ಲಿ ಒಡೆದಾಗ ಫೈಲೋಎರಿಥ್ರಿನ್ ಅನ್ನುವ ವಸ್ತು ಹುಟ್ಟುತ್ತದೆ. ದಿನವೂ ಅದು ಪಿತ್ತದ ಜೊತೆ ಹೊರಗೆ ಹೋಗುತ್ತದೆ. ಪಿತ್ತ ಕಟ್ಟಿಕೊಂಡರೆ ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ. ಅಲ್ಲಿ ಬಿಸಿಲು ಬಿದ್ದರೆ ಸುಡುತ್ತದೆ. ಕಪ್ಪು ಚರ್ಮದ ಬಣ್ಣ ಬಿಸಿಲನ್ನು ತಡೆಯುತ್ತದೆ, ಬಿಳಿಗೆ ಆ ರಕ್ಷಣೆ ಇಲ್ಲ.

ಈಗಲೇ ಕತ್ತಲೆ ಕೊಟ್ಟಿಗೆಗೆ ಕಟ್ಟಿ. ಹಸಿರು ಮೇವು ಪೂರ್ತಿ ನಿಲ್ಲಿಸಿ, ರಾಗಿ ಹುಲ್ಲು ಮತ್ತು ನೀರು ಮುಂದಿಡಿ. ಆಮೇಲೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ನಾಲ್ಕು ದಿನವಾಯಿತು, ಇನ್ನೇನು ಅಂತ ಕೈ ಬಿಡಬೇಡಿ. ಹೊಟ್ಟೆ ಅಲುಗದೆ ನಿಂತಿದೆ, ತಿಂದ ಸೊಪ್ಪು ಅಲ್ಲೇ ಕೂತು ವಿಷ ಬಿಡುತ್ತಲೇ ಇದೆ. ಅದಕ್ಕೇ ಆಕ್ಟಿವೇಟೆಡ್ ಚಾರ್ಕೋಲ್, ಅಂದರೆ ವಿಷ ಹಿಡಿದುಕೊಳ್ಳುವ ಔಷಧಿ ಇದ್ದಿಲು, ಈಗಲೂ ಕೆಲಸ ಮಾಡುತ್ತದೆ. ಕೆಜಿ ತೂಕಕ್ಕೆ 5 ಗ್ರಾಂ, ಅಂದರೆ 400 ಕೆಜಿ ಹಸುವಿಗೆ 2 ಕೆಜಿ. ಅದನ್ನು ಡಾಕ್ಟರೇ ಟ್ಯೂಬಿನಲ್ಲಿ ಹೊಟ್ಟೆಗೆ ಇಳಿಸಬೇಕು. ಒಲೆಯ ಇದ್ದಿಲು ಕುಟ್ಟಿ ಹಾಕಬೇಡಿ, ಅದು ಅಷ್ಟು ವಿಷ ಹಿಡಿಯುವುದಿಲ್ಲ. ಜೊತೆಗೆ ಡ್ರಿಪ್ ಬೇಕಾಗುತ್ತದೆ. ಗಾಯಕ್ಕೆ ನೊಣ ಕೂರದ ಹಾಗೆ ನೋಡಿಕೊಳ್ಳಿ, ಹುಳು ಬಿದ್ದರೆ ಕಷ್ಟ.

ತೋಟದ_ಮನೆ:
ಕಡಿದ ಲಂಟಾನ ಒಣಗಿದ ಮೇಲೆ ಪರವಾಗಿಲ್ಲ ಅಲ್ವಾ?

ದನದ_ಡಾಕ್ಟರ್:
ಇಲ್ಲ, ಒಣ ಎಲೆಯಲ್ಲೂ ವಿಷ ಇರುತ್ತದೆ. ದನಕ್ಕೆ ಸಿಗದ ಕಡೆ ಹಾಕಿ. ಕುರಿ, ಮೇಕೆಗೂ ಅದು ಆಗುವುದಿಲ್ಲ.

ಕಾಡಂಚಿನ_ಹೈನು:
ಹನ್ನೆರಡು ದಿನ ಆಯಿತು, ತಿಳಿಸಬೇಕು ಅನ್ನಿಸಿತು. ಅವತ್ತೇ ಸಂಜೆ ಡಾಕ್ಟರ್ ಬಂದು ಚಾರ್ಕೋಲ್ ಇಳಿಸಿದರು, ಮೂರು ದಿನ ಡ್ರಿಪ್ ಹಾಕಿದರು. ಐದನೇ ದಿನ ರಾತ್ರಿ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದೆ. ಮಲಗಿಕೊಂಡು ನಿಧಾನಕ್ಕೆ ಮೆಲುಕು ಹಾಕುತ್ತಿತ್ತು. ಅಮ್ಮನನ್ನು ಎಬ್ಬಿಸಿ ಕರೆದುಕೊಂಡು ಬಂದು ತೋರಿಸಿದೆ. ಮೂತಿಯ ಸಿಪ್ಪೆ ಉದುರಿ ಒಳಗೆ ಗುಲಾಬಿ ಚರ್ಮ ಬರುತ್ತಿದೆ. ಕಣ್ಣಿನ ಹಳದಿ ಇನ್ನೂ ಸ್ವಲ್ಪ ಇದೆ, ಹಾಗಾಗಿ ಹೊರಗೆ ಬಿಟ್ಟಿಲ್ಲ.