ಇನಾರಿಯಲ್ಲಿ ಸಾಮಿ ಮನೆಯೊಂದರ ಜೊತೆ ಒಂದು ದಿನ: ಹೋಗಿ ಬಂದವರ ಮಾತು

ಮೈಸೂರಿನಿಂದ ಪ್ರಶ್ನೆ

ಮಗಳು ಹೆಲ್ಸಿಂಕಿ ಪಕ್ಕದ ಎಸ್ಪೂನಲ್ಲಿ ಕೆಲಸಕ್ಕಿದ್ದಾಳೆ. ಮಾರ್ಚ್ ಕೊನೆಗೆ ನಾನು, ನಮ್ಮವರು, ಅತ್ತೆ ಮೂವರೂ ಹೋಗುತ್ತಿದ್ದೇವೆ. ಫಿನ್ಲೆಂಡಿನ ಉತ್ತರಕ್ಕೆ ಹೋಗಿ, ಗೈಡ್ ಜೊತೆ ಒಂದು ದಿನ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕು ಮತ್ತು ಅಲ್ಲಿನ ಕಾಡು ನೋಡಬೇಕು ಅಂತ ತುಂಬಾ ಆಸೆ. ‘ರೊವಾನಿಯೆಮಿಯಿಂದ ಸಾಮಿ ಅನುಭವ’ ಅಂತ ಹತ್ತಾರು ಪ್ಯಾಕೇಜ್ ಕಾಣಿಸುತ್ತಿವೆ. ಯಾವುದು ಸರಿ ಅಂತ ಹೇಗೆ ತಿಳಿಯುವುದು? ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಎಸ್ಪೂನಿಂದ

ರೊವಾನಿಯೆಮಿಯಲ್ಲೇ ನಿಂತುಬಿಡಬೇಡಿ, ಇನ್ನೂ ಉತ್ತರಕ್ಕಿರುವ ಇನಾರಿಗೆ ಹೋಗಿ. ಇಲ್ಲಿಗೆ ಬರುವ ನಮ್ಮೂರಿನವರಿಗೆಲ್ಲ ನಾನು ಹೇಳುವುದು ಇದನ್ನೇ.

ರೊವಾನಿಯೆಮಿ ಚೆಂದದ ಊರು, ಮಕ್ಕಳಿದ್ದರೆ ಸಾಂಟಾ ಕ್ಲಾಸ್ ಹಳ್ಳಿಯೂ ಖುಷಿ ಕೊಡುತ್ತದೆ. ಆದರೆ ಅದು ಸಾಮಿ ನಾಡಿನೊಳಗೆ ಬರುವುದಿಲ್ಲ. ಫಿನ್ಲೆಂಡಿನ ಕಾನೂನು ಸಾಮಿಗಳ ತಾಯ್ನೆಲ ಅಂತ ಗುರುತಿಸಿರುವುದು ಎನೊಂಟೆಕಿಯೊ, ಇನಾರಿ, ಉತ್ಸ್‌ಯೊಕಿ ಮತ್ತು ಸೊದಾನ್‌ಕ್ಯುಲದ ಉತ್ತರ ಭಾಗವನ್ನು. ರೊವಾನಿಯೆಮಿಯಿಂದ ಇನಾರಿಗೆ 320 ಕಿ.ಮೀ.ಗೂ ಜಾಸ್ತಿ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅಂದರೆ ಎಂಟು ಗಂಟೆ ವ್ಯಾನಿನಲ್ಲೇ ಕಳೆಯುತ್ತದೆ, ಅತ್ತೆಯವರ ಮಂಡಿಗೆ ಅದು ಬೇಡ. ಹೆಲ್ಸಿಂಕಿಯಿಂದ ಇವಾಲೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಇನಾರಿ 50 ಕಿ.ಮೀ. ಆಸುಪಾಸು, ಬಸ್ ಇದೆ. ಅಲ್ಲೇ ರಾತ್ರಿ ಉಳಿದುಕೊಂಡು, ಬೆಳಗಿನಿಂದ ಪೂರ್ತಿ ದಿನ ಇಟ್ಟುಕೊಳ್ಳಿ.

ಶುರು ಸೀಡಾ ಮ್ಯೂಸಿಯಂನಿಂದ ಮಾಡಿ. ಇದು ಸಾಮಿಗಳದೇ ಮ್ಯೂಸಿಯಂ. 2021ರಲ್ಲಿ ಫಿನ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂ ತನ್ನಲ್ಲಿದ್ದ 2,000ಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು ಇಲ್ಲಿಗೆ ವಾಪಸ್ ಕೊಟ್ಟಿತು. ಟೋಪಿ, ಬೆಲ್ಟು, ಚಾಕು, ತೊಟ್ಟಿಲು, ಹೀಗೆ ಮನೆಮನೆಯ ಸಾಮಾನುಗಳು. ಹೊಸ ಪ್ರದರ್ಶನ 2022ರಲ್ಲಿ ತೆರೆಯಿತು, 2024ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿಯೂ ಬಂತು. ಎರಡು ಗಂಟೆ ಬೇಕೇ ಬೇಕು. ಇದನ್ನು ನೋಡಿಕೊಂಡು ಹಿಮಸಾರಂಗ ಸಾಕುವವರ ಮನೆಗೆ ಹೋದರೆ ಕೇಳುವ ಪ್ರಶ್ನೆಗಳೇ ಬೇರೆ ಆಗುತ್ತವೆ.

ಮಧ್ಯಾಹ್ನವೆಲ್ಲ ಒಂದೇ ಮನೆಯವರ ಜೊತೆ ಕಳೆಯಿರಿ. ಹಸ್ಕಿ ನಾಯಿಗಳ ಗಾಡಿ, ಸ್ನೋಮೊಬೈಲ್, ಹಿಮಸಾರಂಗ, ಮಂಜುಗಡ್ಡೆ ಕೊರೆದು ಮೀನು ಹಿಡಿಯುವುದು ಅಂತ ನಾಲ್ಕನ್ನು ತುರುಕಿದ ಪ್ಯಾಕೇಜ್ ತಗೊಂಡರೆ ಯಾರ ಜೊತೆಗೂ ನಾಲ್ಕು ಮಾತು ಆಡಲು ಆಗುವುದಿಲ್ಲ. ನಾವು ಹೋದ ಮನೆಯ ಯಜಮಾನ್ತಿ ಕೈಗೆ ಒಂದು ಹಿಡಿ ಕಲ್ಲುಹೂವಿನ ಜಾತಿಯ ಬಿಳಿ ಪಾಚಿ ಕೊಟ್ಟು ಸುಮ್ನೆ ನಿಲ್ಲಲು ಹೇಳಿದರು. ಹಿಮಸಾರಂಗ ಹತ್ತಿರ ಬರುವಾಗ ಅದರ ಪಾದದಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಗೊರಸಿನ ಸದ್ದಲ್ಲ, ಒಳಗಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೂಳೆಯ ಮೇಲೆ ಜಾರುವ ಸದ್ದು. ಮಾರ್ಚ್‌ನಲ್ಲಿ ಕೊಂಬು ಹೊತ್ತಿರುವುದು ಹೆಚ್ಚಾಗಿ ಬಸುರಿ ಹೆಣ್ಣುಗಳು. ದೊಡ್ಡ ಗಂಡುಗಳ ಕೊಂಬು ಚಳಿಗಾಲದ ಆರಂಭದಲ್ಲೇ ಬಿದ್ದಿರುತ್ತದೆ. ಹಿಮ ಅಗೆದು ಮಾಡಿಕೊಂಡ ಮೇವಿನ ಗುಂಡಿಯಿಂದ ಬೇರೆಯವುಗಳನ್ನು ಓಡಿಸಲು ಹೆಣ್ಣಿಗೆ ಕೊಂಬು ಬೇಕು. ಕಿವಿಯಂಚಿನಲ್ಲಿ ಕತ್ತರಿಸಿದ ಗುರುತುಗಳಿರುತ್ತವೆ. ಒಬ್ಬೊಬ್ಬ ಮಾಲೀಕರಿಗೆ ಒಂದೊಂದು ಗುರುತು. ಬಿಳಿ ಹಿಮದಲ್ಲಿ, ದೂರದಿಂದ, ಆ ಕಿವಿ ನೋಡಿ ಯಾರದ್ದು ಅಂತ ಅವರು ಹೇಳಿಬಿಡುತ್ತಾರೆ.

ಆ ಪಾಚಿ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಚಳಿಗಾಲದ ಮಧ್ಯೆ ಮಳೆ ಬಂದು ಮತ್ತೆ ಹೆಪ್ಪುಗಟ್ಟಿದರೆ ನೆಲದ ಮೇಲೆ ಮಂಜಿನ ಹಲಗೆ ಕೂರುತ್ತದೆ, ಹಿಮಸಾರಂಗಕ್ಕೆ ಅಗೆಯಲು ಆಗುವುದಿಲ್ಲ. ಆಗ ಹಳೆಯ ಪೈನ್ ಮರಗಳಿಂದ ಜಡೆಯಂತೆ ಇಳಿಬಿದ್ದ ಪಾಚಿಯೇ ಗತಿ. ಅದು ದಂಡಿಯಾಗಿ ಸಿಗುವುದು ಹಳೇ ಕಾಡಿನಲ್ಲಿ ಮಾತ್ರ. ಮರ ಕಡಿಯುವುದರ ಬಗ್ಗೆ ಇನಾರಿಯಲ್ಲಿ ವರ್ಷಗಟ್ಟಲೆ ಜಗಳ ನಡೆದದ್ದು ಇದೇ ಕಾರಣಕ್ಕೆ. ಕಾಡಿನಲ್ಲಿ ನಡೆಯುವಾಗ ಗೈಡ್‌ಗೆ ಆ ಜಡೆ ತೋರಿಸಲು ಹೇಳಿ.

ಬೆಂಗಳೂರಿನಿಂದ, ಅಮ್ಮನ ಜೊತೆ ಹೋಗಿದ್ದವರು

ಊಟದ ಬಗ್ಗೆ ನಾನು ಹೇಳುತ್ತೇನೆ. ಸಾಮಾನ್ಯವಾಗಿ ಬಡಿಸುವುದು ಬಿದೋಸ್, ಅಂದರೆ ಹಿಮಸಾರಂಗದ ಮಾಂಸ, ಆಲೂಗಡ್ಡೆ, ಕ್ಯಾರೆಟ್ ಹಾಕಿದ ಸಾರು. ಇಲ್ಲದಿದ್ದರೆ ಸಾಲ್ಮನ್ ಸೂಪ್. ಬುಕ್ ಮಾಡುವಾಗಲೇ ‘ಮಾಂಸ, ಮೀನು, ಮೊಟ್ಟೆ ಇಲ್ಲ, ಮಾಂಸ ಬೇಯಿಸಿದ ನೀರೂ ಬೇಡ’ ಅಂತ ಬಿಡಿಸಿ ಬರೆಯಿರಿ. ಬರೀ ‘ಸಸ್ಯಾಹಾರಿ’ ಅಂದರೆ ಮೀನು ತಿನ್ನಬಹುದು ಅಂದುಕೊಳ್ಳುವವರಿದ್ದಾರೆ. ಬೆಂಕಿಯ ಮೇಲೆ ಸುಡುವ ಗಾಹ್ಕು ಅನ್ನುವ ಮೆತ್ತಗಿನ ರೊಟ್ಟಿ ಅಮ್ಮನಿಗೆ ಬಹಳ ಹಿಡಿಸಿತು. ಹಿಟ್ಟಿಗೆ ಏನು ಹಾಕಿದ್ದಾರೆ ಅಂತ ಮಾತ್ರ ಕೇಳಿಕೊಳ್ಳಿ. ಕಾಫಿಗೆ ಗಿಣ್ಣಿನಂಥ ಚೀಸ್ ತುಂಡು ಹಾಕಿ ಕೊಡುತ್ತಾರೆ. ಚೀಸಿಗೆ ಹಾಕುವ ಹೆಪ್ಪು ಪ್ರಾಣಿಯಿಂದ ಬಂದಿರಬಹುದು, ಹಾಗಾಗಿ ಕಟ್ಟುನಿಟ್ಟಿನವರು ವಿಚಾರಿಸಿಯೇ ತಿನ್ನಿ. ನಾವು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ಮೊದಲೇ ಹೇಳಿದ್ದರಿಂದ ಬಿಸಿನೀರು, ಬಟ್ಟಲು ಸಂತೋಷವಾಗಿ ಕೊಟ್ಟರು.

ಅತ್ತೆಯವರಿಗೆ ಮುಂಚೆಯೇ ಹೇಳಬೇಕಾದ ಇನ್ನೊಂದು ಸಂಗತಿ: ಡೇರೆಯೊಳಗೆ ಕೂರಲು ಹಿಮಸಾರಂಗದ ತೊಗಲು ಹಾಸಿರುತ್ತಾರೆ. ನೆಲದ ಚಳಿ ತಡೆಯಲು ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ಮರದ ಬೆಂಚು ಇರುವ ಜಾಗ ಕೇಳಿ. ಮಂಡಿಗೂ ಅದೇ ಒಳ್ಳೆಯದು. ಹಿಮಸಾರಂಗದ ಜಾರುಬಂಡಿಯೂ ತೀರಾ ತಗ್ಗು. ಹತ್ತುವಾಗ, ಏಳುವಾಗ ಇಬ್ಬರು ಹಿಡಿದುಕೊಳ್ಳಬೇಕು.

ಚಳಿಗೆ ಹೆದರಬೇಡಿ. ಮಾರ್ಚ್ ಕೊನೆಗೆ ಹಗಲು ಉದ್ದ, ಬಿಸಿಲೂ ಇರುತ್ತದೆ. ಆದರೂ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋಗುವುದು ಮಾಮೂಲು. ಮೈಗೆ ತಾಗಿ ಉಣ್ಣೆ ಇರಲಿ, ಹತ್ತಿ ಬೇಡ. ಹತ್ತಿ ಬೆವರಿಗೆ ಒದ್ದೆಯಾದರೆ ಅಲ್ಲೇ ತಣ್ಣಗಾಗುತ್ತದೆ. ಮೇಲಿನ ದಪ್ಪ ಉಡುಪು, ಬೂಟು ಸಾಮಾನ್ಯವಾಗಿ ಅವರೇ ಕೊಡುತ್ತಾರೆ, ಕೇಳಿ ಖಚಿತ ಮಾಡಿಕೊಳ್ಳಿ. ಬಿದ್ದು ಪೆಟ್ಟಾಗುವುದು ಕಾಡಿಗಿಂತ ಬಸ್ ಸ್ಟಾಪಿನ ಹತ್ತಿರವೇ ಜಾಸ್ತಿ. ಹಗಲು ಕರಗಿದ ನೀರು ಸಂಜೆ ಗಾಜಾಗಿರುತ್ತದೆ. ಶೂಗೆ ಸಿಕ್ಕಿಸುವ ಮುಳ್ಳುಪಟ್ಟಿ ಹೆಲ್ಸಿಂಕಿಯಲ್ಲೇ ಕೊಂಡುಬಿಡಿ.

ಆಮ್‌ಸ್ಟರ್‌ಡ್ಯಾಮ್‌ನಿಂದ

ನಾನು ಹೋಗಿದ್ದು ನಾರ್ವೆಯ ಟ್ರೊಮ್ಸೊಗೆ. ಮೊದಲು ತಗೊಂಡ ಪ್ಯಾಕೇಜ್‌ನಲ್ಲಿ ದೊಡ್ಡ ಬಸ್ಸು ತುಂಬಾ ಜನ. ಹಿಮಸಾರಂಗಕ್ಕೆ ಮೇವು, ಫೋಟೊ, ಸೂಪು, ವಾಪಸ್. ಆತಿಥೇಯರ ಜೊತೆ ಮಾತಾಡಲು ಸಂದರ್ಭವೇ ಸಿಗಲಿಲ್ಲ, ಬಹಳ ಬೇಜಾರಾಯಿತು. ಆಮೇಲೆ ಒಂದು ಸಾಮಿ ಕುಟುಂಬ ತಾನೇ ನಡೆಸುವ ಚಿಕ್ಕ ಗುಂಪಿನ ಜೊತೆ ಹೋದೆ. ಡೇರೆಯೊಳಗೆ ಬೆಂಕಿಯ ಸುತ್ತ ಕೂತು ಸಂಜೆವರೆಗೂ ಮಾತಾಡಿದೆವು. ಅವರ ಅಜ್ಜಿಗೆ ಶಾಲೆಯಲ್ಲಿ ಸಾಮಿ ಮಾತಾಡಲು ಬಿಡುತ್ತಿರಲಿಲ್ಲವಂತೆ. ಯೊಯ್ಕ್ ಅನ್ನುವ ಅವರ ಹಾಡನ್ನು ಪಾದ್ರಿಗಳು ಪಾಪ ಅನ್ನುತ್ತಿದ್ದರಂತೆ. ಅಲ್ಟಾ ನದಿಗೆ ಅಣೆಕಟ್ಟು ಬೇಡ ಅಂತ 1979ರಲ್ಲಿ ಓಸ್ಲೋ ಪಾರ್ಲಿಮೆಂಟಿನ ಎದುರು ಸಾಮಿಗಳು ಉಪವಾಸ ಕೂತ ವಿಷಯವನ್ನೂ ಅವರೇ ಹೇಳಿದರು. ಅಣೆಕಟ್ಟು ಕಟ್ಟಿಯೇ ಬಿಟ್ಟರು. ಆದರೆ ಆ ಹೋರಾಟದ ಬಲದಿಂದ 1989ರಲ್ಲಿ ನಾರ್ವೆಯ ಸಾಮಿ ಪಾರ್ಲಿಮೆಂಟ್ ಶುರುವಾಯಿತು.

ಈಗ ನಿಮ್ಮ ‘ಹೇಗೆ ತಿಳಿಯುವುದು’ ಅನ್ನುವ ಪ್ರಶ್ನೆಗೆ ಬರುತ್ತೇನೆ. ಫಿನ್ಲೆಂಡಿನಲ್ಲಿ ಹಿಮಸಾರಂಗ ಸಾಕಲು ಸಾಮಿಯೇ ಆಗಿರಬೇಕಿಲ್ಲ, ನಾರ್ವೆ ಮತ್ತು ಸ್ವೀಡನ್ನಿನಲ್ಲಿ ಅದು ಬಹುಮಟ್ಟಿಗೆ ಸಾಮಿಗಳದೇ ಹಕ್ಕು. ಹಾಗಾಗಿ ಫಿನ್ಲೆಂಡಿನಲ್ಲಿ ಹಿಮಸಾರಂಗದ ಫಾರ್ಮ್ ನೋಡಿದ ಮಾತ್ರಕ್ಕೆ ಸಾಮಿ ಮನೆ ನೋಡಿದಂತಲ್ಲ. ಫಿನ್ನಿಶ್ ಸಾಕಣೆದಾರರೂ ಒಳ್ಳೆಯ ಜನವೇ, ನೀವು ಹುಡುಕುತ್ತಿರುವುದು ಅದಲ್ಲ ಅಷ್ಟೇ. ಬುಕ್ ಮಾಡುವ ಮೊದಲು ಇಮೇಲ್ ಹಾಕಿ: ನಮ್ಮನ್ನು ಬರಮಾಡಿಕೊಳ್ಳುವವರು ಸಾಮಿಗಳಾ? ಮನೆಯಲ್ಲಿ ಯಾವ ಸಾಮಿ ಭಾಷೆ ಆಡುತ್ತೀರಿ? ಗುಂಪಿನಲ್ಲಿ ಎಷ್ಟು ಜನ? ನಿಜವಾದವರು ಸಂತೋಷದಿಂದ ಉತ್ತರ ಕೊಡುತ್ತಾರೆ. ಹಸ್ಕಿ ಗಾಡಿ, ಇಗ್ಲೂ, ಮಂತ್ರವಾದಿ ವೇಷದವನ ದೀಕ್ಷೆ, ಇವನ್ನೆಲ್ಲ ‘ಸಾಮಿ ಸಂಪ್ರದಾಯ’ ಅಂತ ಮಾರುತ್ತಿದ್ದರೆ ಅಲ್ಲಿಗೆ ಹೋಗಬೇಡಿ. ಫಿನ್ಲೆಂಡಿನ ಸಾಮಿ ಪಾರ್ಲಿಮೆಂಟ್ 2018ರಲ್ಲಿ ಪ್ರವಾಸೋದ್ಯಮಕ್ಕೆ ಅಂತಲೇ ನೀತಿ ಸೂತ್ರಗಳನ್ನು ತಂದಿದೆ. ಅದನ್ನು ಪಾಲಿಸುತ್ತೀರಾ ಅಂತಲೂ ಕೇಳಬಹುದು.

ಮೈಸೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವಾಲೊಗೆ ಟಿಕೆಟ್ ನೋಡಲು ಮಗಳಿಗೆ ಹೇಳಿದ್ದೇನೆ. ಮನೆಯವರ ಹತ್ತಿರ ಏನು ಕೇಳಬಹುದು, ಏನು ಕೇಳಬಾರದು? ಫೋಟೊ ತೆಗೆಯಬಹುದಾ? ನಮ್ಮವರಿಗೆ ಕಾಡಿನಲ್ಲಿ ಸ್ವಲ್ಪ ಜಾಸ್ತಿ ನಡೆಯುವ ಆಸೆ ಇದೆ, ಅದಕ್ಕೆ ಜಾಗ ಇದೆಯಾ?

ಎಸ್ಪೂನಿಂದ

‘ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇವೆ?’ ಅಂತ ಮಾತ್ರ ಕೇಳಬೇಡಿ. ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ. ‘ಲ್ಯಾಪ್’ ಅನ್ನುವ ಹಳೇ ಹೆಸರಿನಿಂದಲೂ ಅವರನ್ನು ಕರೆಯಬೇಡಿ, ಅವರಿಗೆ ನೋವಾಗುತ್ತದೆ. ಗಾಕ್ತಿ ಅವರ ಉಡುಪು. ಅದರ ಪಟ್ಟಿ, ಬಣ್ಣ, ಕಾಲರ್ ನೋಡಿದರೆ ಊರು, ಮನೆತನ ಗೊತ್ತಾಗುತ್ತದೆ. ಫೋಟೊಗೆ ಕೇಳಿ ತೆಗೆಯಿರಿ, ಅಂಗಡಿಯಲ್ಲಿ ಸಿಗುವ ನಕಲಿ ಗಾಕ್ತಿ ಹಾಕಿಕೊಂಡು ಸೆಲ್ಫಿ ಬೇಡ. ಯೊಯ್ಕ್ ಹಾಡಿ ಅಂತ ಒತ್ತಾಯ ಮಾಡಬೇಡಿ. ಅವರಾಗಿ ಹಾಡಿದರೆ ಫೋನ್ ಜೇಬಿನಲ್ಲಿಟ್ಟು ಕೇಳಿ. ಕೆಲವು ಯೊಯ್ಕ್‌ಗಳು ಒಬ್ಬ ವ್ಯಕ್ತಿಗೇ ಸೇರಿದವು. ಕೊಳ್ಳುವುದಿದ್ದರೆ ‘ಸಾಮಿ ದುವೊಜಿ’ ಗುರುತಿನ ಚೀಟಿ ಇರುವ ಕೈಕೆಲಸ ಕೊಳ್ಳಿ. ದುಬಾರಿ, ನಿಜ. ಬರ್ಚ್ ಮರದ ಗಂಟಿನಿಂದ ಒಂದು ಬಟ್ಟಲು ಕೆತ್ತಲು ಎಷ್ಟು ಹೊತ್ತು ಬೇಕು ಅಂತ ನೋಡಿದ ಮೇಲೆ ನನಗೆ ಆ ಬೆಲೆ ಸರಿ ಅನ್ನಿಸಿತು.

ಭಾಷೆಯ ಬಗ್ಗೆ ಖಂಡಿತ ಕೇಳಿ. ಇನಾರಿಯಲ್ಲಿ ಉತ್ತರ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ, ಹೀಗೆ ಮೂರು ಸಾಮಿ ಭಾಷೆಗಳಿವೆ. ಇನಾರಿ ಸಾಮಿ ಆಡುವವರು ಕೆಲವೇ ನೂರು ಜನ. 1997ರಲ್ಲಿ ಪುಟ್ಟ ಮಕ್ಕಳಿಗಾಗಿ ‘ಭಾಷಾ ಗೂಡು’ ಅಂತ ಶುರು ಮಾಡಿದರು. ಅಲ್ಲಿ ದಿನವಿಡೀ ಅದೇ ಭಾಷೆ. ಅಲ್ಲಿ ಕಲಿತ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ನಾನು ಕನ್ನಡ ಅಂದಾಗ ನಮ್ಮ ಗೈಡ್, ಮನೆಯಲ್ಲಿ ಮಗುವಿನ ಜೊತೆ ಯಾವ ಭಾಷೆ ಆಡುತ್ತೀಯಾ ಅಂತ ತಕ್ಷಣ ಕೇಳಿದರು. ಅಲ್ಲಿಂದ ಮಾತು ಎಲ್ಲಿಗೋ ಹೋಯಿತು.

ನಡೆಯುವುದಕ್ಕೆ ಪಿಯೆಲ್ಪಾಯಾರ್ವಿ ಕಾಡಿನ ಚರ್ಚ್ ಇದೆ. 1760ರಲ್ಲಿ ಮುಗಿದ ಮರದ ಚರ್ಚ್, ಇವತ್ತಿಗೂ ರಸ್ತೆ ಇಲ್ಲ. ವಾಹನ ನಿಲ್ಲಿಸುವ ಜಾಗದಿಂದ ಒಂದು ಕಡೆಗೆ ನಾಲ್ಕೂವರೆ ಕಿ.ಮೀ. ಆಸುಪಾಸು. ಮಾರ್ಚ್‌ನಲ್ಲಿ ಪೂರ್ತಿ ಹಿಮ, ಹಾಗಾಗಿ ಹಿಮಪಾದುಕೆ ಕಟ್ಟಿಕೊಂಡು ಗೈಡ್ ಜೊತೆಗೇ ಹೋಗಲಿ. ಆ ಹೊತ್ತಿಗೆ ನೀವೂ ಅತ್ತೆಯವರೂ ಸೀಡಾದಲ್ಲಿ ನಿಧಾನವಾಗಿ ನೋಡಬಹುದು, ಒಳಗೇ ಊಟದ ಜಾಗವೂ ಇದೆ. ದಾರಿಯಲ್ಲಿ ಹಿಮಸಾರಂಗ ಸಿಕ್ಕರೆ ಹಿಂದೆ ಹೋಗಬೇಡಿ, ಡ್ರೋನ್ ಹಾರಿಸಬೇಡಿ. ಬಸುರಿ ಹೆಣ್ಣುಗಳು ಗಟ್ಟಿ ಹಿಮದಲ್ಲಿ ಓಡಿ ಸುಸ್ತಾದರೆ ಮೇಯಲು ಶಕ್ತಿ ಉಳಿಯುವುದಿಲ್ಲ.

ತಾರೀಖು ನೋಡುವಾಗ ಎರಡು ಸಂಗತಿ ಗಮನಿಸಿ. ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲಲ್ಲಿ ಇನಾರಿ ಸರೋವರದ ಮಂಜಿನ ಮೇಲೆ ಹಿಮಸಾರಂಗದ ದೊಡ್ಡ ಓಟದ ಸ್ಪರ್ಧೆ ನಡೆಯುತ್ತದೆ. ನೋಡಲು ಬಹಳ ಚೆನ್ನಾಗಿರುತ್ತದೆ, ಆದರೆ ಆ ವಾರಾಂತ್ಯಕ್ಕೆ ರೂಮು ಸಿಗುವುದು ಕಷ್ಟ, ಈಗಲೇ ಹಿಡಿಯಿರಿ. ಇನ್ನೊಂದು, ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅವತ್ತು ಬೆಳಗಿನ ಟೂರ್ ಇದ್ದರೆ ಅಲಾರಂ ಸರಿ ಮಾಡಿಟ್ಟುಕೊಳ್ಳಿ.