ಒತ್ತಿ ಹಿಡಿದರೆ ಕೆಳಗಿಳಿಯುತ್ತಲೇ ಹೋಗುವ ಬ್ರೇಕ್ ಪೆಡಲ್: ದೋಷವನ್ನು ಹುಡುಕುವುದು ಹೇಗೆ?

ಪ್ರಶ್ನೆ (ಮುಳಬಾಗಿಲು):
ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವ ನಮ್ಮ ಪಿಕಪ್ ಗಾಡಿಯಲ್ಲಿ, ಬ್ರೇಕ್ ಒತ್ತಿ ನಿಂತಿರುವಾಗ ಪೆಡಲ್ ತಾನಾಗಿ ನಿಧಾನವಾಗಿ ಕೆಳಗಿಳಿಯುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇವೆ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿಲ್ಲ. ಏರ್ ತೆಗೆಸಿದರೂ ಗುಣ ಕಾಣಲಿಲ್ಲ. ಬೂಸ್ಟರ್ (ವ್ಯಾಕ್ಯೂಮ್ ನೆರವಿನಿಂದ ಪೆಡಲ್ ಒತ್ತುವಿಕೆಗೆ ಬಲ ಕೂಡಿಸುವ ಭಾಗ) ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ (ಚಿಂತಾಮಣಿ):
ಬೂಸ್ಟರ್ ಕೆಟ್ಟರೆ ಸಾಮಾನ್ಯವಾಗಿ ಪೆಡಲ್ ಗಟ್ಟಿಯಾಗುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಎಂಜಿನ್ ಆರಿಸಿ, ಒಳಗಿನ ವ್ಯಾಕ್ಯೂಮ್ ಖಾಲಿಯಾಗುವವರೆಗೆ ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಡಿ. ಬಳಿಕ ಅದನ್ನು ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ತಗ್ಗಿ ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ನೀವು ಹೇಳುವ ಲಕ್ಷಣಕ್ಕೆ ನನ್ನ ಮೊದಲ ಅನುಮಾನ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಮೇಲೆ. ಅದರೊಳಗಿನ ರಬ್ಬರ್ ಕಪ್‌ಗಳು ಸವೆದರೆ ಒತ್ತಡದಲ್ಲಿರುವ ಆಯಿಲ್ ಹೊರಗೆ ಸೋರದೆ ಒಳಗೊಳಗೇ ಹಿಂದಕ್ಕೆ ಜಾರುವುದರಿಂದ, ಡಬ್ಬಿಯ ಮಟ್ಟ ಹಾಗೆಯೇ ಇದ್ದು ಪೆಡಲ್ ಮಾತ್ರ ಇಳಿಯುತ್ತದೆ. ಪರೀಕ್ಷಿಸುವಾಗ ಜೋರಾಗಿ ತುಳಿಯಬೇಡಿ. ಹೆಚ್ಚು ಒತ್ತಡದಲ್ಲಿ ಕಪ್‌ನ ಅಂಚು ಅರಳಿ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುವುದರಿಂದ, ಹಗುರವಾಗಿ ಒತ್ತಿದಾಗ ಕಾಣುವ ದೋಷ ಆಗ ಮರೆಯಾಗಬಹುದು.

ಉತ್ತರ (ಶಿರಾ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮಾಸ್ಟರ್ ಸಿಲಿಂಡರ್ ಕೊಳ್ಳುವ ಮುನ್ನ ಹಿಂದಿನ ಡ್ರಮ್‌ಗಳನ್ನು ಬಿಚ್ಚಿಸಿ ನೋಡಿ. ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಸೋರಿಕೆ ಮೊದಮೊದಲು ಅದರ ರಬ್ಬರ್ ಬೂಟಿನೊಳಗೇ ಉಳಿಯುವುದರಿಂದ ಟೈರಿನ ಬಳಿ ಯಾವ ಗುರುತೂ ಕಾಣುವುದಿಲ್ಲ. ಬೂಟಿನ ಅಂಚನ್ನು ಎತ್ತಿದಾಗ ಒದ್ದೆಯಿದ್ದರೆ ದೋಷ ಅಲ್ಲಿದೆ. ಪೆಡಲನ್ನು ಬೇಗಬೇಗ ಒತ್ತಿದಾಗ ಅದು ಮೇಲೇರಿ ಅಲ್ಲೇ ನಿಲ್ಲುವುದಾದರೆ, ಅದು ಡ್ರಮ್ ಮತ್ತು ಶೂ ನಡುವಿನ ಅಂತರದ ಸಮಸ್ಯೆ. ಸ್ಪಂಜಿನಂತೆ ಕುಗ್ಗುವುದಾದರೆ ಏರ್ ಇನ್ನೂ ಉಳಿದಿದೆ.

ಪ್ರಶ್ನೆ ಕೇಳಿದವರು:
ಬೂಟುಗಳು ಒಣಗಿವೆ, ಬೂಸ್ಟರ್ ಸರಿಯಿದೆ. ಹಗುರವಾಗಿ ಒತ್ತಿದರೆ ಪೆಡಲ್ ತಳ ಮುಟ್ಟುತ್ತದೆ, ಜೋರಾಗಿ ತುಳಿದರೆ ನಿಲ್ಲುತ್ತದೆ. ಕಪ್ ಕಿಟ್ ಮಾತ್ರ ಹಾಕಿಸಿದರೆ ಸಾಲದೇ?

ಉತ್ತರ (ಚಿಂತಾಮಣಿ):
ಹಾಗಾದರೆ ಮಾಸ್ಟರ್ ಸಿಲಿಂಡರೇ. ಕಿಟ್ ಅಗ್ಗವೇನೋ ಹೌದು, ಆದರೆ ಒಳಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಹೊಸ ಕಪ್ ಬೇಗನೆ ಹರಿಯುತ್ತದೆ. ಪೂರ್ತಿ ಘಟಕವನ್ನೇ ಬದಲಿಸುವುದು ಲೇಸು. ಅದನ್ನು ಗಾಡಿಗೆ ಕೂರಿಸುವ ಮೊದಲೇ ವೈಸ್‌ಗೆ ಬಿಗಿದು ಏರ್ ತೆಗೆಯಬೇಕು, ಆಮೇಲೆ ಕೈಪಿಡಿಯ ಕ್ರಮದಲ್ಲಿ ಚಕ್ರಗಳದ್ದು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವ ದರ್ಜೆಯನ್ನೇ ಹಾಕಿಸಿ. ಎಂಜಿನ್ ಆಯಿಲ್ ಒಂದಿಷ್ಟು ಬೆರೆತರೂ ರಬ್ಬರ್ ಉಬ್ಬಿ ಹಾಳಾಗುತ್ತದೆ. ಕೆಲಸ ಮುಗಿದು ಪೆಡಲ್ ಗಟ್ಟಿಯಾಗಿ ನಿಲ್ಲುವವರೆಗೆ ದಯವಿಟ್ಟು ಲೋಡ್ ಇರಲಿ, ಖಾಲಿ ಗಾಡಿಯನ್ನೂ ರಸ್ತೆಗಿಳಿಸಬೇಡಿ.